ಹೆಂಚಿನ ಸುತ್ತ ಹತ್ತು ಜನ

ಆನೇಕಲ್ ಸೀಮೆಯಲ್ಲಿ ನೂರಾರು ಜನರಿಗೆ ಅಡುಗೆ ಎಂದರೆ ಹಂಡೆ, ಕೊಪ್ಪರಿಗೆ. ಮುನೇಶ್ವರನ ಪರವಿರಲಿ, ಯುಗಾದಿಯ ಮಾರನೆಯ ದಿನದ ಹೊಸತೊಡಕಿರಲಿ, ಬಯಲಲ್ಲಿ ಒಲೆ ಹೂಡಿ ಬಾಡಿನ ಸಾರು ಕುದಿಸಿ, ರಾಗಿಹಿಟ್ಟು ತೊಳಸಿ ಮುದ್ದೆ ಕಟ್ಟಿದರೆ ಊರಿಗೂರೇ ಒಂದೇ ಪಂಕ್ತಿಯಲ್ಲಿ ಉಂಡೇಳುತ್ತದೆ. ಹೆಂಚಿಗೆ ಆ ಧಾರಾಳವಿಲ್ಲ. ಒಂದು ಬೇಯಬೇಕು, ಎದ್ದು ಬರಬೇಕು, ಆಮೇಲೆ ಇನ್ನೊಂದು. ಮೊದಲನೆಯವನು ಕೈ ತೊಳೆಯುವ ಹೊತ್ತಿಗೆ ಹತ್ತನೆಯವನ ಎಲೆ ಇನ್ನೂ ಖಾಲಿ. ಹಿತ್ತಲಲ್ಲಿ ನೆಂಟರಿಷ್ಟರನ್ನು ಕೂರಿಸಿಕೊಂಡು ಬಿಸಿಬಿಸಿ ಬಡಿಸುವುದು ಹೇಗೆ ಎಂಬ ಈ ತಲೆನೋವೇ ಹೆಂಚಿನಡುಗೆಯ ಅರ್ಧ ಚರಿತ್ರೆ.

ಅರಮನೆಗೆ ಈ ಚಿಂತೆ ಇದ್ದಂತಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ, ಎಣ್ಣೆ ಸವರಿದ ಕಾದ ಹೆಂಚಿನ ಮೇಲೆ ಬೇಯಿಸುವ ‘ಧೋಸಕ’ ಬರುತ್ತದೆ. ಅದರಲ್ಲಿ ಅಕ್ಕಿಯ ಸುಳಿವಿಲ್ಲ. ಮಸಾಲೆ ಬೆರೆಸಿದ ಬೇಳೆಯ ಹಿಟ್ಟು. ದೊರೆಯ ಊಟದ ಪುಸ್ತಕವಾದ್ದರಿಂದ, ಹೆಂಚಿನ ಮುಂದೆ ಬೆವರುವವರ ಸುದ್ದಿ ಅದಕ್ಕೆ ಬೇಕಿರಲಿಲ್ಲ.

ಉತ್ತರ ಕರ್ನಾಟಕದವರು ಕಂಡುಕೊಂಡ ದಾರಿ ಬೇರೆ: ಬಿಸಿಯ ಹಂಗನ್ನೇ ಬಿಟ್ಟರು. ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಜೋಳದ ರೊಟ್ಟಿ ಬಡಿದು, ಕಟಕ್ ಎನ್ನುವಂತೆ ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುವುದು ಹೀಗೆ. ಒಂದು ಹೆಂಚಿನಿಂದ ಆಗದ್ದು ಸಾವಿರ ಮನೆಗಳ ಹೆಂಚಿನಿಂದ ಆಗುತ್ತದೆ.

ಆನೇಕಲ್ ಕಡೆಯ ರಾಗಿರೊಟ್ಟಿಗೆ ಹೀಗೆ ಒಣಗಿಸಿಡುವುದು ಒಗ್ಗದು. ಆರಿದರೆ ಬಿರುಸಾಗಿ ರುಚಿ ಕೆಡುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ನುಗ್ಗೆಸೊಪ್ಪು ಕಲಸಿದ ಹಿಟ್ಟನ್ನು ಇಲ್ಲಿ ಕಾವಲಿಯ ಮೇಲೆಯೇ ತಟ್ಟುವುದು ರೂಢಿ. ಬರಿಗೈಯಲ್ಲಿ ತಟ್ಟಬೇಕಾದರೆ ಕಾವಲಿ ತಣ್ಣಗಿರಬೇಕು, ಬೇಯಬೇಕಾದರೆ ಸುಡಬೇಕು. ಈ ಪೇಚಿಗೆ ಮನೆಯವರು ಕಂಡ ಉಪಾಯ ಜೋಡಿ ಕಾವಲಿ. ಒಂದು ಒಲೆಯ ಮೇಲಿದ್ದಾಗ ಇನ್ನೊಂದರ ಬೆನ್ನಿಗೆ ನೀರು ಹೊಯ್ದು ತಣಿಸಿ, ಅದರ ಮೇಲೆ ಮುಂದಿನ ರೊಟ್ಟಿ ತಟ್ಟುವುದು. ಜನ ಹೆಚ್ಚಿದರೆ ಪಕ್ಕದ ಮನೆಯ ಕಾವಲಿಯೂ ಬರುತ್ತದೆ. ಅದರ ಹಿಂದೆ ಪಕ್ಕದ ಮನೆಯಾಕೆಯೂ. ಕಾರ್ಖಾನೆಯ ಪಾಳಿಗಿಂತ ಬಿಗಿಯಾದ ಈ ವ್ಯವಸ್ಥೆಯನ್ನು ಯಾರೂ ಬರೆದಿಟ್ಟಿಲ್ಲ ಎಂಬುದು ಸೋಜಿಗವೇನಲ್ಲ.

ಹೋಟೆಲುಗಳು ಹೆಂಚನ್ನೇ ಹಿಗ್ಗಿಸಿದವು. ದಾವಣಗೆರೆಯಲ್ಲಿ ಹೇಳುವಂತೆ, 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬಾಕೆ ಮೊದಲು ಮಾರಿದ್ದು ರಾಗಿ ಹಿಟ್ಟಿನ ದೋಸೆ. ಅಕ್ಕಿ, ಬೆಣ್ಣೆ ಆಮೇಲೆ ಬಂದವು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ವಿದ್ಯಾರ್ಥಿ ಭವನ ತೆರೆಯಿತು. ಇಂಥ ಕಡೆ ದೋಸೆ ಒಂದೊಂದಾಗಿ ಹುಟ್ಟುವುದಿಲ್ಲ, ಸಾಲಾಗಿ ಹುಟ್ಟುತ್ತದೆ. ದಪ್ಪನೆಯ ಕಬ್ಬಿಣದ ಹಾಸು ಕಾವನ್ನು ಹಿಡಿದಿಟ್ಟುಕೊಳ್ಳುವುದರಿಂದ ತಣ್ಣನೆಯ ಹಿಟ್ಟು ಬಿದ್ದರೂ ಬೇಗ ಆರುವುದಿಲ್ಲ. ಆದರೆ ವಿಪರೀತ ಕಾದರೆ ಹಿಟ್ಟು ಹರಡುವ ಮೊದಲೇ ಕಚ್ಚಿಕೊಂಡು ಸೌಟಿನ ಜತೆ ಎದ್ದು ಬರುತ್ತದೆ. ಅದಕ್ಕೇ ಭಟ್ಟರು ಪ್ರತಿ ಸಾಲಿಗೂ ಮೊದಲು ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಾರೆ. ನೋಡುವವರಿಗೆ ಅದು ಶುಚಿತ್ವ, ಭಟ್ಟರಿಗೆ ಕಾವಿನ ಹದ.

ಇತ್ತ ಆನೇಕಲ್ ಸೀಮೆಯೂ ಬದಲಾಯಿತು. 1978ರಲ್ಲಿ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದವು. ರಾಗಿಹೊಲಗಳು ಬಡಾವಣೆಗಳಾದವು. ಪಾಳಿ ಬಿಟ್ಟವರಿಗಾಗಿ ತಳ್ಳುಗಾಡಿಗಳ ಮೇಲೆ ಗ್ಯಾಸಿನ ಕಾವಲಿಗಳು ಬಂದವು. ಈಗ ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಮನೆಯ ಹಿಂದಿನ ಅಂಗಳದಲ್ಲಿ, ಇಲ್ಲವೇ ತಾರಸಿಯಲ್ಲಿ, ಕೇಟರಿಂಗಿನವರು ಉದ್ದನೆಯ ಉಕ್ಕಿನ ಹೆಂಚು ಹೂಡುತ್ತಾರೆ. ಅದಕ್ಕೆ ‘ಲೈವ್ ಕೌಂಟರ್’ ಎಂದು ಹೆಸರು. ಅತಿಥಿಗಳು ತಟ್ಟೆ ಹಿಡಿದು ಸಾಲು ನಿಲ್ಲುತ್ತಾರೆ, ಅಡುಗೆಯವರು ನೀರು ಚಿಮುಕಿಸುತ್ತಾರೆ. ಹಳೆಯ ಪೇಚು ಪೂರ್ತಿ ಬಿಡಿಸಿಕೊಂಡಿಲ್ಲ, ಸಾಲು ಮಾತ್ರ ತುಸು ಬೇಗ ಸರಿಯುತ್ತದೆ.

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ರಾಗಿಯ ಮಾತು ನಗರದಲ್ಲೂ ಜೋರಾಯಿತು. ರಾಗಿರೊಟ್ಟಿಯೂ ಈ ಕೌಂಟರುಗಳಿಗೆ ಏರಿದೆ. ಆದರೆ ಸದಾ ಉರಿಯುವ ಆ ಉದ್ದ ಹೆಂಚಿನ ಮೇಲೆ ಬರಿಗೈಯಲ್ಲಿ ತಟ್ಟುವಂತಿಲ್ಲ, ಅದನ್ನು ಇಳಿಸಿ ತಣಿಸುವಂತೆಯೂ ಇಲ್ಲ. ಹಾಗಾಗಿ ರೊಟ್ಟಿಯನ್ನು ಬಾಳೆಲೆಯ ಮೇಲೆ ತಟ್ಟಿ, ಹೆಂಚಿಗೆ ಮಗುಚಿ, ಎಲೆ ಬಾಡಿದ ಮೇಲೆ ಸುಲಿದು ತೆಗೆಯುತ್ತಾರೆ.