ಭಾರ ಎಲ್ಲಿರಬೇಕು?

ದಿಬ್ಬೂರಹಳ್ಳಿಯಲ್ಲಿ ಹುಡುಗನಾಗಿದ್ದಾಗ ಗಾಡಿಗೆ ರಾಗಿ ಮೂಟೆ ಹೇರುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಭಾರ ಮುಂದಕ್ಕೆ ಹೆಚ್ಚಿದರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂದಕ್ಕೆ ಹೆಚ್ಚಿದರೆ ಮೂಕಿಯೇ ಮೇಲೇಳುತ್ತದೆ. ಅಚ್ಚಿನ ಮೇಲೆ ಸಮನಾಗಿ ಕೂಡಿಸುವುದೇ ಜಾಣತನ. ಕನ್ನಡ ಪಾಠ ಹೇಳುವ ನನಗೆ ವಿದ್ಯುತ್ ಕಾರುಗಳ ಚರಿತ್ರೆ ಓದುವಾಗ ಆ ಗಾಡಿ ನೆನಪಾಯಿತು.

೧೮೯೯ರ ಏಪ್ರಿಲ್‌ನಲ್ಲಿ ಬೆಲ್ಜಿಯಮಿನ ಕಮೀಲ್ ಜೆನಾಟ್ಜಿ ಪ್ಯಾರಿಸ್ಸಿನ ಬಳಿ ವಿದ್ಯುತ್ ಕಾರಿನಲ್ಲಿ ಗಂಟೆಗೆ ೧೦೦ ಕಿಲೋಮೀಟರಿನ ಗಡಿ ದಾಟಿದ. ಟಾರ್ಪೆಡೋ ಆಕಾರದ ಆ ಗಾಡಿಯ ಒಡಲಲ್ಲಿ ಬ್ಯಾಟರಿಗಳು ತುಂಬಿದ್ದವು. ಸವಾರನೋ ಅರ್ಧ ಮೈ ಹೊರಗಿಟ್ಟು ಮೇಲೆ ಕುಳಿತಿದ್ದ! ಗಾಳಿಯನ್ನು ಸೀಳಲೆಂದು ಮಾಡಿದ ರೂಪದ ಪ್ರಯೋಜನ ಅಷ್ಟರಮಟ್ಟಿಗೆ ಕಳೆದುಹೋಯಿತು.

೧೯೯೦ರಲ್ಲಿ ಅಮೆರಿಕದ ಸೂರ್ಯಶಕ್ತಿ ಕಾರುಗಳ ಪಂದ್ಯ ಗೆದ್ದ ಮಿಷಿಗನ್ ವಿಶ್ವವಿದ್ಯಾನಿಲಯದ ತಂಡದಲ್ಲಿ ಬೆಂಗಳೂರಿನ ಚೇತನ್ ಮೈನಿ ಇದ್ದರು. ೨೦೦೧ರಲ್ಲಿ ಅವರ ‘ರೇವಾ’ ವಿದ್ಯುತ್ ಕಾರು ಬೆಂಗಳೂರಿನಲ್ಲಿ ಬೀದಿಗಿಳಿಯಿತು. ಅದರ ಎಂಟು ಬ್ಯಾಟರಿಗಳೂ ಮುಂದಿನ ಆಸನಗಳ ಅಡಿಯಲ್ಲಿದ್ದವು. ಭಾರ ತಗ್ಗಿನಲ್ಲಿ, ಎರಡು ಅಚ್ಚುಗಳ ನಡುವೆ ನಿಂತರೆ ತಿರುವಿನಲ್ಲಿ ಗಾಡಿ ಸುಲಭವಾಗಿ ಹೊರಳದು.

ನೂರು ವರ್ಷಗಳಲ್ಲಿ ಬ್ಯಾಟರಿ ಕೆಳಗಿಳಿಯಿತು, ಮನುಷ್ಯ ಒಳಗೆ ಬಂದ. ಯಂತ್ರಕ್ಕೆ ಮೊದಲು ಜಾಗ ಕೊಟ್ಟು, ಉಳಿದೆಡೆ ಮನುಷ್ಯನನ್ನು ಕೂರಿಸುವುದು ಇಂದಿಗೂ ಸುಲಭವೇ. ನಮ್ಮೂರಿನ ಗಾಡಿಯವನು ಮಾತ್ರ ಎತ್ತಿನ ಹೆಗಲು ನೋಡಿಯೇ ಮೂಟೆ ಇಡುತ್ತಿದ್ದ.