ಅಂಚಿನ ಟಿಪ್ಪಣಿಗೆ ಕನ್ನಡದ ಅಕ್ಷರ

ಕರಡಿನ ಮೂಲಪಠ್ಯವನ್ನು ಮುಟ್ಟದೆ ತಿದ್ದುಪಡಿ ಸೂಚಿಸಲು ಪದಸಂಸ್ಕಾರಕ ತಂತ್ರಾಂಶಗಳಲ್ಲಿರುವ ಸೌಲಭ್ಯವೇ ಟಿಪ್ಪಣಿ, ಅರ್ಥಾತ್ ಕಾಮೆಂಟ್. ಪುಟದ ಅಂಚಿನಲ್ಲಿ ಕಾಣುವ ಇದರ ಅಕ್ಷರರೂಪ ಮತ್ತು ಗಾತ್ರ ಇಂಗ್ಲಿಷಿಗೆ ಹೊಂದುವಂತಿರುವುದರಿಂದ ಕನ್ನಡದಲ್ಲಿ ಬರೆಯುವವರು ಅದನ್ನು ತಾವೇ ಬದಲಿಸಿಕೊಳ್ಳಬೇಕಾಗುತ್ತದೆ.

ಹಳೆಯ ಕಡತಗಳಲ್ಲಿ ತೊಡಕು ಹೆಚ್ಚು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡೇತರ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಗಳು ಲ್ಯಾಟಿನ್ ಸಂಕೇತಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಮೂಲಪಠ್ಯಕ್ಕೆ ನುಡಿ ಫಾಂಟ್ ಇದ್ದು, ಟಿಪ್ಪಣಿಗೆ ಟೈಮ್ಸ್ ನ್ಯೂ ರೋಮನ್ ಉಳಿದುಬಿಟ್ಟರೆ ಅಂಚಿನಲ್ಲಿ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕಡತ ಕೆಟ್ಟಿದೆಯೆಂದು ಭಾವಿಸಿ ಅದನ್ನು ಅಳಿಸಿದರೆ ಹೋಗುವುದು ತಿದ್ದುಪಡಿಯೇ.

ಮೈಕ್ರೋಸಾಫ್ಟ್ ವರ್ಡ್ 2019 ಹಾಗೂ ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಪರಿಹಾರ ಸುಲಭ. ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆ ಎಸ್ ಕೀಲಿ ಒತ್ತಿದರೆ ಸ್ಟೈಲ್ಸ್ ಪಟ್ಟಿ ತೆರೆಯುತ್ತದೆ. ಆಪ್ಷನ್ಸ್‌ನಲ್ಲಿ ಎಲ್ಲ ಶೈಲಿಗಳನ್ನೂ ತೋರಿಸುವಂತೆ ಸೂಚಿಸಿ 'ಕಾಮೆಂಟ್ ಟೆಕ್ಸ್ಟ್' ಶೈಲಿಯ ಫಾಂಟನ್ನು ಬದಲಿಸಬೇಕು. ಕೆಲವು ಕಡತಗಳಲ್ಲಿ 'ಬಲೂನ್ ಟೆಕ್ಸ್ಟ್' ಶೈಲಿಯೂ ನುಸುಳಿರುತ್ತದೆ. ಎರಡನ್ನೂ ಬದಲಿಸುವುದು ಕ್ಷೇಮ. ಯೂನಿಕೋಡ್ ಕನ್ನಡವಾದರೆ ಫಾಂಟ್ ಕಿಟಕಿಯ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಭಾಗದಲ್ಲಿಯೇ ತುಂಗಾ ಅಥವಾ ನಿರ್ಮಲಾ ಯುಐ ಆಯ್ದು, ಗಾತ್ರವನ್ನು 10ರಿಂದ 12ಕ್ಕೆ ಏರಿಸಬಹುದು. ಮೇಲಿನ ಲ್ಯಾಟಿನ್ ಭಾಗವನ್ನು ಎಷ್ಟು ತಿದ್ದಿದರೂ ಕನ್ನಡಕ್ಕೆ ಫಲವಿಲ್ಲ. ಒತ್ತಕ್ಷರಗಳು ಕೆಳಕ್ಕೆ ಇಳಿಯುವ ಲಿಪಿಗೆ ಸಾಲುಗಳ ಅಂತರವೂ ತುಸು ಹೆಚ್ಚಿರಬೇಕು.

ಉತ್ತರ ಕನ್ನಡದ ಕರಾವಳಿಯಲ್ಲಿ ಈ ಭಾಗಕ್ಕೆ ಇನ್ನಷ್ಟು ಹೊರೆ. ಕುಮಟಾ, ಹೊನ್ನಾವರಗಳ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿಯಿದೆ. ನಾಗರಿಯಲ್ಲಿ ಬರೆಯುವವರೂ ಇದ್ದಾರೆ. ಭಟ್ಕಳದ ನವಾಯತಿಯನ್ನು ಅರಬ್ಬೀ-ಫಾರಸಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆಯಲಾಗುತ್ತದೆ. ಈ ಮೂರು ಲಿಪಿಗಳೂ ವರ್ಡ್‌ನಲ್ಲಿ ಅದೇ ಒಂದು ಭಾಗಕ್ಕೆ ಸೇರುವುದರಿಂದ ಶೈಲಿಯಲ್ಲಿ ಎಲ್ಲಕ್ಕೂ ಒಂದೇ ಗಾತ್ರ. ಕನ್ನಡಕ್ಕೆ ಸಾಕೆನಿಸುವ 12 ನಸ್ತಾಲೀಖ್ ಬರಹಕ್ಕೆ ಕಿರಿದು. ಅಂತಹ ಟಿಪ್ಪಣಿಯ ಗಾತ್ರವನ್ನೂ ದಿಕ್ಕನ್ನೂ ಪ್ರತ್ಯೇಕವಾಗಿ ಬದಲಿಸುವುದೇ ದಾರಿ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಟ್ರ್ಯಾಕಿಂಗ್ ಆಯ್ಕೆಗಳಲ್ಲಿ 'ಬೈ ಆಥರ್' ಎಂದಿದ್ದರೆ ಬಣ್ಣವನ್ನು ಹಂಚುವುದು ತಂತ್ರಾಂಶ. ಒಬ್ಬರ ಪರದೆಯ ಕೆಂಪು ಇನ್ನೊಬ್ಬರಲ್ಲಿ ನೀಲಿಯಾಗಬಹುದು. ಹೀಗಾಗಿ ಬಣ್ಣ ಹೇಳಿ ಟಿಪ್ಪಣಿ ಗುರುತಿಸುವುದು ವ್ಯರ್ಥ.

2021ರಲ್ಲಿ ಮೈಕ್ರೋಸಾಫ್ಟ್ 365ಕ್ಕೆ ಬಂದ ಹೊಸ ಮಾದರಿಯ ಟಿಪ್ಪಣಿಗಳು ಈ ಶೈಲಿಗಳಿಗೆ ಮಣಿಯುವುದಿಲ್ಲ. ದಪ್ಪ, ಓರೆ ಅಕ್ಷರಗಳಂಥ ಅಲ್ಪಸ್ವಲ್ಪ ಅಲಂಕಾರ ಮಾತ್ರ ಸಾಧ್ಯ. ನುಡಿ ಫಾಂಟಿನ ಕಡತಗಳಿದ್ದವರು ಅಲ್ಲಿಗೆ ಹೋಗುವ ಮುನ್ನ ಟಿಪ್ಪಣಿಗಳನ್ನೂ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಮೂಲಪಠ್ಯವನ್ನಷ್ಟೇ ಪರಿವರ್ತಿಸಿ ಅಂಚನ್ನು ಮರೆಯುವುದು ಸುಲಭ.

ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ರೈಟರ್ ಇಲ್ಲಿ ಹೆಚ್ಚು ಉದಾರಿ. ಯಾವುದೇ ಟಿಪ್ಪಣಿಯ ಮೆನುವಿನಿಂದ ಎಲ್ಲ ಟಿಪ್ಪಣಿಗಳ ಅಕ್ಷರರೂಪವನ್ನೂ ಒಮ್ಮೆಗೇ ಬದಲಿಸಬಹುದು, ಮುದ್ರಿಸುವಾಗ ಅವುಗಳನ್ನು ಅಂಚಿನಲ್ಲಿಯೇ ಉಳಿಸಿಕೊಳ್ಳಬಹುದು.