ಶಾಲಾ ಆರೋಗ್ಯ: ಹುಲಗೂರು ಸೀಮೆ

ಮಕ್ಕಳು, ಶಿಕ್ಷಕರು, ಅಡುಗೆಯವರು, ಹೆತ್ತವರು ಸೇರಿದ ಶಾಲಾ ಸಮುದಾಯದ ದೇಹ, ಮನಸ್ಸುಗಳ ಸ್ವಾಸ್ಥ್ಯವನ್ನು ಶಾಲೆಯ ದಿನಚರಿಯ ಮೂಲಕವೇ ಕಾಯುವ ಏರ್ಪಾಟು. ಭಾರತದಲ್ಲಿ ಇದು ತಪಾಸಣೆಯಿಂದ ಶುರುವಾಯಿತು. 1909ರಲ್ಲಿ ಬರೋಡಾದಲ್ಲಿ ಶಾಲಾಮಕ್ಕಳ ವೈದ್ಯಕೀಯ ಪರೀಕ್ಷೆ ನಡೆದದ್ದು ಮೊದಲ ಹೆಜ್ಜೆ. ಆಮೇಲೆ ಬಹುಕಾಲ ಶಾಲಾ ಆರೋಗ್ಯವೆಂದರೆ ವೈದ್ಯರು ವರ್ಷಕ್ಕೊಮ್ಮೆ ಬಂದು ಹಲ್ಲು, ಕಣ್ಣು ನೋಡಿ ಚೀಟಿ ಬರೆದು ಹೋಗುವುದು ಎಂದೇ ಆಗಿತ್ತು. ಜನ ಬಾಳುವ, ಕಲಿಯುವ, ದುಡಿಯುವ ಜಾಗದಲ್ಲೇ ಆರೋಗ್ಯ ರೂಪುಗೊಳ್ಳುತ್ತದೆ ಎಂದು 1986ರ ಒಟ್ಟಾವಾ ಸನ್ನದು ಸಾರಿತು. ವಿಶ್ವ ಆರೋಗ್ಯ ಸಂಸ್ಥೆ 1995ರಿಂದ ಅದನ್ನೇ ಶಾಲೆಗಳಿಗೆ ಅನ್ವಯಿಸಿತು. ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಹುಲಗೂರಿನಂಥ ಊರುಗಳ ನೆಲೆಯಿಂದ ನೋಡಿದರೆ ಈ ಮಾತಿಗೆ ಖಚಿತವಾದ ಅರ್ಥ ಸಿಗುತ್ತದೆ. ಇಲ್ಲಿ ಮಕ್ಕಳ ಆರೋಗ್ಯಕ್ಕೆ ಹೆಚ್ಚು ಒದಗಿಬರುವುದು ಶಿಬಿರಗಳಲ್ಲ, ದಿನಾಚರಣೆಗಳಲ್ಲ. ದಿನಾ ಹೊತ್ತುವ ಒಲೆ, ದಿನಾ ನೀರು ಬರುವ ಶೌಚಾಲಯ.

ಬಿಸಿಯೂಟವೇ ಇದಕ್ಕೆ ದೊಡ್ಡ ಸಾಕ್ಷಿ. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ 200 ದಿನವಾದರೂ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹವೆಂಬ ಬಿಸಿಯೂಟ ಯೋಜನೆಯನ್ನು ಆರಂಭಿಸಿ, ಮರುವರ್ಷ ಉಳಿದ ಜಿಲ್ಲೆಗಳಿಗೂ 2007ರಲ್ಲಿ ಹೈಸ್ಕೂಲಿಗೂ ಮುಟ್ಟಿಸಿತು. 2013ರ ಆಗಸ್ಟಿನಿಂದ ಕ್ಷೀರಭಾಗ್ಯ ಯೋಜನೆಯ ಹಾಲೂ ಸೇರಿತು. ಶಾಲೆಯಲ್ಲಿ ಉಂಡು ಬಂದ ಮಗುವಿಗೆ ಮನೆಯಲ್ಲಿ ತುತ್ತು ಕಡಿಮೆಯಾಗುತ್ತದೆ, ಕೊನೆಗೆ ಲಾಭವೇನೂ ಇಲ್ಲ ಎಂಬುದು ಹಳೆಯ ಆಕ್ಷೇಪ. ಇದನ್ನು ಅರ್ಥಶಾಸ್ತ್ರಜ್ಞೆ ಫರ್ಜಾನಾ ಅಫ್ರೀದಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಶಾಲೆಯ ಊಟ ಮನೆಯ ಊಟವನ್ನು ಕಿತ್ತುಕೊಂಡಿರಲಿಲ್ಲ. ಮಗುವಿನ ದಿನದ ಪೋಷಣೆ ನಿಜವಾಗಿಯೂ ಹೆಚ್ಚಿತ್ತು. ಇನ್ನೂ ದೂರ ಹೋಗುವ ಸಂಗತಿ 2021ರ ಮತ್ತೊಂದು ಅಧ್ಯಯನದ್ದು: ಬಾಲ್ಯದಲ್ಲಿ ಶಾಲೆಯ ಊಟ ದಕ್ಕಿದ್ದ ತಾಯಂದಿರ ಮಕ್ಕಳಲ್ಲಿ ಎತ್ತರ ಕುಂಠಿತವಾಗುವುದು ಕಡಿಮೆ. ಇಂದು ಐದನೇ ಇಯತ್ತೆಯಲ್ಲಿ ಉಣ್ಣುತ್ತಿರುವ ಹುಡುಗಿಯ ತಟ್ಟೆ ಮುಂದಿನ ತಲೆಮಾರಿಗೂ ಮುಟ್ಟುತ್ತದೆ ಎಂದಾಯಿತು. ಒಂದು ದಿನದ ತಪಾಸಣೆಯಿಂದ ಇಂಥ ಫಲವನ್ನು ನಿರೀಕ್ಷಿಸಲಾಗದು.

ತಟ್ಟೆಯಲ್ಲಿ ಏನಿರಬೇಕು ಎಂಬ ಜಗಳ ಮೊಟ್ಟೆಯ ಸುತ್ತ ಕಾವೇರಿತು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಬಂದ ಮೊಟ್ಟೆಗೆ ಕೆಲವು ಮಠಾಧೀಶರು ವಿರೋಧ ವ್ಯಕ್ತಪಡಿಸಿದರು. ಒಂದೇ ಪಂಕ್ತಿಯಲ್ಲಿ ಕೆಲವರು ತಿಂದು ಕೆಲವರು ಬಿಟ್ಟರೆ ಮಕ್ಕಳಲ್ಲಿ ಭೇದ ಬರುತ್ತದೆ ಎಂಬುದು ಅವರ ವಾದದ ಗಟ್ಟಿಯಾದ ಭಾಗ. ಆದರೆ ಬಾಳೆಹಣ್ಣು, ಶೇಂಗಾ ಚಿಕ್ಕಿಯ ಆಯ್ಕೆಯನ್ನು ಜೊತೆಗಿಟ್ಟ ಮೇಲೆ ತಿನ್ನದವರ ಮೇಲೆ ಹೇರಿಕೆ ಉಳಿಯಲಿಲ್ಲ, ಬೇಕೆಂದವರಿಗೆ ನಿರಾಕರಣೆಯೂ ಉಳಿಯಲಿಲ್ಲ. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದಿದ್ದ ಗದಗಿನ ಮಕ್ಕಳನ್ನೂ ಹೋಲಿಸಿದ ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಮೊದಲಿನವರ ತೂಕ ಹೆಚ್ಚು ಏರಿತ್ತು. ತೂಕವೊಂದೇ ಆರೋಗ್ಯವಲ್ಲ, ಅವಧಿಯೂ ದೀರ್ಘವಲ್ಲ ಎಂಬ ಎಚ್ಚರ ಇರಲಿ. ಆದರೂ ಸರಕಾರ ಮೊಟ್ಟೆಯನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದ್ದು ಸರಿಯಾದ ನಿರ್ಧಾರ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಹಾವೇರಿ ಜಿಲ್ಲೆಯ ಹೊಲಗಳ ಗೋವಿನಜೋಳದಲ್ಲಿ ದೊಡ್ಡ ಪಾಲು ಕೋಳಿ ಆಹಾರಕ್ಕೇ ಹೋಗುತ್ತದೆ. ಬೆಳೆದ ಮನೆಯ ಮಗುವಿಗೆ ಅದರಲ್ಲಿ ಒಂದಿಷ್ಟು ಮೊಟ್ಟೆಯಾಗಿ ಮರಳಿದರೆ ಅನ್ಯಾಯವೇನಲ್ಲ.

ಗುಳಿಗೆಯ ಕಥೆ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅದಕ್ಕೆಂದೇ ಹರೆಯದವರಿಗೆ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಗುಳಿಗೆ ಕೊಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಅದರ ಮೇಲೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆದ್ದರಿಂದ ಬಿಸಿಯೂಟ ಮುಗಿದ ಮೇಲೆ ಎಂಬ ಸಣ್ಣ ನಿಯಮವೇ ಗುಳಿಗೆ ಫಲಿಸುವುದೋ ವಾಂತಿಯ ಗಾಬರಿಯಿಂದ ಕಸದ ಬುಟ್ಟಿ ಸೇರುವುದೋ ಎಂಬುದನ್ನು ತೀರ್ಮಾನಿಸುತ್ತದೆ. ಜಂತುಹುಳುವಿಗೆ ಕೊಡುವ ಅಲ್ಬೆಂಡಜೋಲ್ ಮಾತ್ರೆಯ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಕೆನ್ಯಾದಲ್ಲಿ ಈ ಮಾತ್ರೆಯಿಂದ ಶಾಲಾ ಗೈರುಹಾಜರಿ ಕಾಲುಭಾಗ ತಗ್ಗಿತೆಂದು 2004ರ ಪ್ರಸಿದ್ಧ ಅಧ್ಯಯನವೊಂದು ಹೇಳಿತು. ನಂತರದ ಪರಾಮರ್ಶೆಗಳು ಅಷ್ಟು ಲಾಭವನ್ನು ಒಪ್ಪಲಿಲ್ಲ. ಈ ವಾದ ಹೇಗೇ ತೀರಲಿ, ಬಯಲಿಗೆ ಹೋಗುವುದು ನಿಲ್ಲದ ಕಡೆ ಹುಳು ಮತ್ತೆ ಬರುತ್ತದೆ. ಹುಡುಗ, ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಗೋಡೆ ಎದ್ದರೆ ಲೆಕ್ಕಕ್ಕೆ ಶೌಚಾಲಯವಾಯಿತು. ಆದರೆ ತೊಟ್ಟಿಯಲ್ಲಿ ನೀರು, ಬಾಗಿಲಿಗೆ ಚಿಲಕ ಇಲ್ಲದಿದ್ದರೆ ಮುಟ್ಟಾದ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಸರಕಾರದ ಶುಚಿ ಯೋಜನೆಯ ಪ್ಯಾಡ್ ಅವಳ ಚೀಲದಲ್ಲಿದ್ದರೂ ಸರಿ.

ಇದೆಲ್ಲ ಶಿಕ್ಷಕರ ತಲೆಗೆ ಹೊರೆ, ಶಾಲೆ ಇರುವುದು ಪಾಠಕ್ಕೆ ಎಂಬ ಆಕ್ಷೇಪ ಹಗುರವಲ್ಲ. 2020ರ ಆಯುಷ್ಮಾನ್ ಭಾರತ ಶಾಲಾ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಹೆಸರಿಸಿತು. ದಾಖಲೆ ಪುಸ್ತಕ ತುಂಬುವ ಕೆಲಸ ಅದಕ್ಕೆ ತಳುಕುಬಿದ್ದರೆ ಪಾಠ ಸೊರಗುವುದು ಖಂಡಿತ. ಆದರೆ ಮನಸ್ಸಿನ ಆರೋಗ್ಯದಲ್ಲಿ ಶಿಕ್ಷಕರಿಂದ ನಿರೀಕ್ಷಿಸುವ ಮುಖ್ಯ ಕೆಲಸಕ್ಕೆ ಪ್ರತ್ಯೇಕ ತಾಸೇ ಬೇಡ: ಹೊಡೆಯದಿರುವುದು, ಹೀಯಾಳಿಸದಿರುವುದು. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಎರಡನ್ನೂ ನಿಷೇಧಿಸಿದೆ. ಉಳಿದ ಹೊರೆಯನ್ನು ಊರು ಹೊರಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇರುವುದು ಅದಕ್ಕೇ. ಹುಲಗೂರು ಸೂಫಿ ಸಂತ ಖಾದರಿಯ ದರ್ಗಾಕ್ಕೆ ಹಿಂದೂ, ಮುಸ್ಲಿಂ ಎರಡೂ ಧರ್ಮದವರು ನಡೆದುಕೊಳ್ಳುವ ಊರು, ಸಂತಕವಿ ಶರೀಫರ ಶಿಶುನಾಳವೂ ಇದೇ ತಾಲೂಕಿನದು. ಕೂಡಿ ಬಾಳುವ ಇಂಥ ರೂಢಿಯಿದ್ದರೂ ಬಿಸಿಯೂಟದ ಪಂಕ್ತಿ ತಾನಾಗಿ ಸಮವಾಗುವುದಿಲ್ಲ. ದಲಿತ ಹೆಂಗಸು ಮಾಡಿದ ಅಡುಗೆಯನ್ನು ಮಕ್ಕಳು ಉಣ್ಣದಂತೆ ಹೆತ್ತವರೇ ತಡೆದ ಪ್ರಸಂಗಗಳು ಕರ್ನಾಟಕದಲ್ಲಿ ನಡೆದಿವೆ, ಅವುಗಳನ್ನು ತಿದ್ದಬೇಕಾದ್ದೂ ಸಮಿತಿಯ ಹಿರಿಯರೇ. ಇನ್ನು ಅಡುಗೆಯವರ ಸ್ವಾಸ್ಥ್ಯ. ದಿನಾ ದೊಡ್ಡ ಪಾತ್ರೆ ಎತ್ತಿ ಇಳಿಸುವ ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಬರ ಬಿದ್ದ ತಾಲೂಕುಗಳಲ್ಲಿ 2024ರ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಸಬೇಕೆಂದು ಸರಕಾರ ತೀರ್ಮಾನಿಸಿದಾಗ ಒಲೆ ಹೊತ್ತಿಸುವ ಕೆಲಸ ಬಿದ್ದದ್ದೂ ಇವರ ಪಾಲಿಗೇ.